ನ್ಯಾಯದ ಕಾರ್ಯಕ್ಕೆ ಧನಸಹಾಯ: ಗುಜರಾತಿನ ಮೂರು ನಗರಗಳ ಪಾಠ

1915ರ ಮೇ ತಿಂಗಳಿನಲ್ಲಿ ಗಾಂಧೀಜಿಯವರು ಅಹಮದಾಬಾದಿನ ಕೊಚರಬ್ ಎಂಬಲ್ಲಿ ಬಾಡಿಗೆಯ ಬಂಗಲೆಯೊಂದರಲ್ಲಿ ತಮ್ಮ ಆಶ್ರಮವನ್ನು ಆರಂಭಿಸಿದರು. ಆಶ್ರಮದ ಖರ್ಚು ನಗರದ ವರ್ತಕರ ಕೊಡುಗೆಯಿಂದ ನಡೆಯುತ್ತಿತ್ತು. ಕೆಲವೇ ತಿಂಗಳುಗಳಲ್ಲಿ, ಠಕ್ಕರ್ ಬಾಪಾ ಅವರ ಶಿಫಾರಸಿನ ಮೇರೆಗೆ, ಅಂದು ಅಸ್ಪೃಶ್ಯವೆಂದು ಎಣಿಸಲಾಗಿದ್ದ ಸಮುದಾಯದ ದೂದಾಭಾಯಿ, ಅವರ ಪತ್ನಿ ದಾನಿಬೆಹನ್ ಹಾಗೂ ಎಳೆಯ ಮಗಳು ಲಕ್ಷ್ಮಿ ಆಶ್ರಮಕ್ಕೆ ಸೇರಿದರು. ಬಾವಿಯಲ್ಲಿ ನೀರು ಸೇದುವುದಕ್ಕೆ ಅಡ್ಡಿಯುಂಟಾಯಿತು. ವರ್ತಕರ ಕೊಡುಗೆ ನಿಂತಿತು. ಮುಂದಿನ ತಿಂಗಳ ಖರ್ಚಿಗೆ ಹಣವಿಲ್ಲವೆಂದು ಮಗನ್‌ಲಾಲ್ ಗಾಂಧಿಯವರು ತಿಳಿಸಿದಾಗ, ಹಾಗಾದಲ್ಲಿ ಎಲ್ಲರೂ ಅಸ್ಪೃಶ್ಯರ ಕೇರಿಗೆ ಹೋಗಿ ನೆಲೆಸೋಣವೆಂದು ಗಾಂಧೀಜಿ ಉತ್ತರಿಸಿದರು.

ಅಷ್ಟರಲ್ಲಿ ಒಂದು ದಿನ ಸೇಠರೊಬ್ಬರು ಕಾರಿನಲ್ಲಿ ಬಂದು, ಆಶ್ರಮದ ಒಳಕ್ಕೆ ಕಾಲಿಡದೆ, 13,000 ರೂಪಾಯಿಗಳ ನೋಟುಗಳನ್ನು ಗಾಂಧೀಜಿಯವರ ಕೈಗಿತ್ತು ಹೊರಟುಹೋದರು. ಅದು ಒಂದು ವರ್ಷದ ಖರ್ಚಿಗೆ ಸಾಕಾಗುವಷ್ಟು ಮೊತ್ತ. ಆತ್ಮಕಥೆಯಲ್ಲಿ ಗಾಂಧೀಜಿ ಆ ಸೇಠರ ಹೆಸರನ್ನು ಹೇಳಿಲ್ಲ. ಅವರು ಗಿರಣಿ ಮಾಲೀಕರಾದ ಅಂಬಾಲಾಲ್ ಸಾರಾಭಾಯಿ ಎಂದು ಜೀವನಚರಿತ್ರಕಾರರು ಗುರುತಿಸಿದ್ದಾರೆ.

ಜಾತಿ, ವರ್ಣ, ಲಿಂಗ ಅಥವಾ ಜನಾಂಗದ ಕಾರಣದಿಂದ ಅನ್ಯಾಯಕ್ಕೆ ಗುರಿಯಾದವರ ಪರವಾಗಿ ಕೆಲಸ ಮಾಡುವ ಎಲ್ಲ ಸಂಸ್ಥೆಗಳ ಮುಂದೆಯೂ ಇರುವ ಸಮಸ್ಯೆ ಈ ಒಂದು ಘಟನೆಯಲ್ಲಿ ಅಡಗಿದೆ. ಇಂತಹ ಕಾರ್ಯಕ್ಕೆ ಹಣ ಬೇಕು. ಹಣವುಳ್ಳವರು ಸಾಮಾನ್ಯವಾಗಿ ಇರುವ ವ್ಯವಸ್ಥೆಯಲ್ಲಿ ಸುಖವಾಗಿರುವವರು. ವ್ಯವಸ್ಥೆಯ ತಪ್ಪನ್ನು ಎತ್ತಿ ತೋರಿಸಿದ ದಿನವೇ ಕೊಡುವ ಕೈ ಹಿಂದೆ ಸರಿಯಬಹುದು. ಆದುದರಿಂದ ಧನಸಹಾಯ ಎಲ್ಲಿ ದೊರೆಯುತ್ತದೆ ಎಂಬುದನ್ನು ತಿಳಿಯುವುದರ ಜೊತೆಗೆ, ಅದು ಯಾವ ಷರತ್ತಿನೊಡನೆ ಬರುತ್ತದೆ, ನಿಂತುಹೋದರೆ ಸಂಸ್ಥೆ ಹೇಗೆ ಉಳಿಯುತ್ತದೆ ಎಂಬುದನ್ನೂ ತಿಳಿಯುವುದು ಅಗತ್ಯ. ಅಹಮದಾಬಾದ್, ವಡೋದರಾ ಮತ್ತು ಸೂರತ್ ನಗರಗಳ ನೂರು ವರ್ಷಗಳ ಅನುಭವ ಈ ವಿಷಯದಲ್ಲಿ ಬೋಧಪ್ರದವಾಗಿದೆ.

ಕೊಡುಗೆ ಮತ್ತು ಸ್ವಾತಂತ್ರ್ಯ

ಆಶ್ರಮಕ್ಕೆ ಹಣ ದೊರೆತ ಮೂರು ವರ್ಷಗಳ ನಂತರ, ಅಂದರೆ 1918ರಲ್ಲಿ, ಅಹಮದಾಬಾದಿನ ಬಟ್ಟೆ ಗಿರಣಿಗಳ ಕಾರ್ಮಿಕರು ಕೂಲಿಯಲ್ಲಿ ಶೇಕಡ 35ರಷ್ಟು ಹೆಚ್ಚಳವನ್ನು ಕೇಳಿದರು. ಮಾಲೀಕರು ಶೇಕಡ 20ಕ್ಕಿಂತ ಹೆಚ್ಚು ಕೊಡಲು ಒಪ್ಪಲಿಲ್ಲ. ಗಾಂಧೀಜಿ ಕಾರ್ಮಿಕರ ಪಕ್ಷವನ್ನು ವಹಿಸಿದರು. ಮಾಲೀಕರ ಪಕ್ಷದ ಮುಂದಾಳಾಗಿದ್ದವರು ಇದೇ ಅಂಬಾಲಾಲ್ ಸಾರಾಭಾಯಿ. ಕಾರ್ಮಿಕರ ಕಡೆ ನಿಂತವರಲ್ಲಿ ಪ್ರಮುಖರು ಅವರ ಸಹೋದರಿ ಅನಸೂಯಾ ಸಾರಾಭಾಯಿ. ಮುಷ್ಕರ, ಉಪವಾಸಗಳ ಬಳಿಕ ವಿವಾದವು ಮಧ್ಯಸ್ಥಿಕೆಗೆ ಹೋಯಿತು. ಮಧ್ಯಸ್ಥರಾದ ಆನಂದಶಂಕರ ಧ್ರುವ ಅವರು ಶೇಕಡ 35ರ ಹೆಚ್ಚಳವನ್ನು ಎತ್ತಿಹಿಡಿದರು. 1920ರಲ್ಲಿ ಮಜೂರ್ ಮಹಾಜನ ಸಂಘವು ಸ್ಥಾಪನೆಯಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, 1915ರ ಕೊಡುಗೆಯು 1918ರ ಮಾತನ್ನು ಕಟ್ಟಿಹಾಕಲಿಲ್ಲ ಎಂಬುದು. ದಾನಿಯು ಷರತ್ತು ಹಾಕಿರಲಿಲ್ಲ. ಪಡೆದವರು ಋಣದ ಹೆಸರಿನಲ್ಲಿ ಮೌನವಾಗಲಿಲ್ಲ. ಇಂತಹ ಸಂಬಂಧ ಅಪರೂಪ. ಅದನ್ನೇ ನಿಯಮವೆಂದು ನಂಬಿ ಸಂಸ್ಥೆಯನ್ನು ಕಟ್ಟಲಾಗದು. ದಾನಿಯ ಔದಾರ್ಯವನ್ನೇ ನೆಚ್ಚದೆ ನಿಲ್ಲುವ ವ್ಯವಸ್ಥೆಯನ್ನು ಮುಂಚಿತವಾಗಿಯೇ ಮಾಡಿಕೊಳ್ಳಬೇಕಾಗುತ್ತದೆ.

ಸಾರ್ವಜನಿಕರಿಂದ ಚಿಕ್ಕ ಚಿಕ್ಕ ಮೊತ್ತಗಳನ್ನು ಸಂಗ್ರಹಿಸುವುದು ಅಂತಹ ಒಂದು ವ್ಯವಸ್ಥೆ. 1932ರ ಸೆಪ್ಟೆಂಬರ್ 30ರಂದು ಹರಿಜನ ಸೇವಕ ಸಂಘ ಸ್ಥಾಪನೆಯಾದ ಮೇಲೆ, 1933ರ ನವೆಂಬರ್‌ನಿಂದ 1934ರ ಬೇಸಿಗೆ ಕಳೆಯುವವರೆಗೆ ಗಾಂಧೀಜಿಯವರು ದೇಶದಾದ್ಯಂತ ಸಂಚರಿಸಿ ಸುಮಾರು 8 ಲಕ್ಷ ರೂಪಾಯಿಗಳನ್ನು ಕೂಡಿಸಿದರು. ಕನ್ನಡ ನಾಡಿನ ಊರುಗಳೂ ಈ ಪ್ರವಾಸದ ಹಾದಿಯಲ್ಲಿದ್ದವು. ಅದಕ್ಕೂ ಬಹಳ ಮುಂಚೆ, 1897ರಲ್ಲಿ, ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತೋದ್ಧಾರದ ಸಂಸ್ಥೆಯನ್ನು ಸ್ಥಾಪಿಸಿ ಶಾಲೆ, ವಸತಿ, ಕಸುಬುಗಳ ಏರ್ಪಾಡು ಮಾಡಿದ್ದರೆಂಬುದನ್ನು ಕನ್ನಡಿಗರು ಬಲ್ಲರು.

ವಡೋದರಾ: ವಿದ್ಯಾರ್ಥಿವೇತನದ ಫಲ ಮತ್ತು ಮಿತಿ

ಸರ್ಕಾರದ ಅನುದಾನವು ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದಕ್ಕೆ ಅಂದಿನ ಬರೋಡಾ ಸಂಸ್ಥಾನ ಉತ್ತಮ ಉದಾಹರಣೆ. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1906ರಲ್ಲಿ ಸಂಸ್ಥಾನದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದ್ದರು. 1913ರಲ್ಲಿ ಅವರ ಸರ್ಕಾರವು ಭೀಮರಾವ್ ಅಂಬೇಡ್ಕರರಿಗೆ ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವ್ಯಾಸಂಗ ಮಾಡಲು ಮೂರು ವರ್ಷಗಳ ಅವಧಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡುಗಳ ವಿದ್ಯಾರ್ಥಿವೇತನವನ್ನು ಮಂಜೂರು ಮಾಡಿತು. ವ್ಯಾಸಂಗ ಮುಗಿದ ಬಳಿಕ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬುದು ಷರತ್ತು.

1917ರಲ್ಲಿ ಅಂಬೇಡ್ಕರರು ಷರತ್ತಿನಂತೆ ಬರೋಡಾಕ್ಕೆ ಬಂದರು. ಸರ್ಕಾರದಲ್ಲಿ ಹುದ್ದೆ ದೊರೆಯಿತು. ಊರಿನಲ್ಲಿ ಇರಲು ಮನೆ ದೊರೆಯಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಉಳಿದುಕೊಂಡಿದ್ದ ಅವರನ್ನು, ಜಾತಿ ತಿಳಿದ ಮೇಲೆ, ದೊಣ್ಣೆ ಹಿಡಿದ ಗುಂಪು ಬಂದು ಹೊರಡಿಸಿತು. ಉದ್ಯಾನವೊಂದರಲ್ಲಿ ಮರದ ಕೆಳಗೆ ಹೊತ್ತು ಕಳೆದು ಅವರು ಮುಂಬಯಿಗೆ ಹಿಂದಿರುಗಿದರು. ಆ ಸ್ಥಳವನ್ನು ಇಂದು ಸಂಕಲ್ಪಭೂಮಿ ಎಂದು ಕರೆಯಲಾಗುತ್ತದೆ.

ಈ ವಿದ್ಯಾರ್ಥಿವೇತನವನ್ನು ದೇಶದ ಇತಿಹಾಸದಲ್ಲಿಯೇ ಅತ್ಯಂತ ಫಲಪ್ರದವಾದ ಅನುದಾನಗಳಲ್ಲಿ ಒಂದೆಂದು ಎಣಿಸುವುದರಲ್ಲಿ ತಪ್ಪಿಲ್ಲ. ಆದರೂ ಅದು ಒಬ್ಬ ವ್ಯಕ್ತಿಗೆ ವಿದ್ಯೆಯನ್ನು ಕೊಟ್ಟಿತೇ ಹೊರತು ಆತ ಬಂದು ನೆಲೆಸಬೇಕಾದ ಊರನ್ನು ಬದಲಾಯಿಸಲಿಲ್ಲ. ಸೇವೆಗೂ ನ್ಯಾಯಕ್ಕೂ ಇರುವ ವ್ಯತ್ಯಾಸ ಇದೇ. ಹಾಸ್ಟೆಲು, ಪುಸ್ತಕ, ಔಷಧಿಗಳಿಗೆ ಹಣ ಒದಗಿಸಲು ಮುಂದೆ ಬರುವವರು ಹಲವರು. ಬಾಡಿಗೆಗೆ ಮನೆ ಕೊಡದ ಬೀದಿಯ ಮನಸ್ಸನ್ನು ತಿದ್ದುವ, ಕೊಡದಿದ್ದಾಗ ಕಾನೂನಿನ ನೆರವು ಒದಗಿಸುವ ಕೆಲಸಕ್ಕೆ ಹಣ ಕೊಡುವವರು ಕೆಲವರು. ಅರ್ಜಿ ಸಲ್ಲಿಸುವ ಸಂಸ್ಥೆಯು ತಾನು ಮಾಡಲಿರುವುದು ಇವೆರಡರಲ್ಲಿ ಯಾವುದೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು.

ಸದಸ್ಯರ ಹತ್ತು ರೂಪಾಯಿ

ಅಹಮದಾಬಾದಿನಲ್ಲಿ ತಲೆಹೊರೆ ಹೊರುವ, ತರಕಾರಿ ಮಾರುವ, ಹಳೆಯ ಬಟ್ಟೆ ವ್ಯಾಪಾರ ಮಾಡುವ, ಬೀಡಿ ಕಟ್ಟುವ ಹೆಂಗಸರನ್ನು ಒಟ್ಟುಗೂಡಿಸಿ ಇಳಾ ಭಟ್ ಅವರು 1972ರಲ್ಲಿ ಸ್ವಯಂ ಉದ್ಯೋಗಿ ಮಹಿಳೆಯರ ಸಂಘವನ್ನು ಸ್ಥಾಪಿಸಿದರು. 'ಸೇವಾ' ಎಂದು ಪ್ರಸಿದ್ಧವಾದ ಈ ಸಂಘವು ಮಜೂರ್ ಮಹಾಜನದ ಆಶ್ರಯದಲ್ಲಿ ಬೆಳೆಯಿತು. ಈ ಹೆಂಗಸರಿಗೆ ನಿರ್ದಿಷ್ಟ ಮಾಲೀಕನಿರಲಿಲ್ಲವಾದುದರಿಂದ, ಇದನ್ನು ಕಾರ್ಮಿಕ ಸಂಘವೆಂದು ನೋಂದಾಯಿಸುವುದೇ ಮೊದಲು ಕಷ್ಟವಾಯಿತು. ಬ್ಯಾಂಕುಗಳು ಸಾಲ ಕೊಡಲು ಹಿಂಜರಿದಾಗ, 1974ರಲ್ಲಿ 4,000 ಮಹಿಳೆಯರು ತಲಾ 10 ರೂಪಾಯಿಗಳ ಷೇರು ಬಂಡವಾಳ ಹಾಕಿ ತಮ್ಮದೇ ಸಹಕಾರಿ ಬ್ಯಾಂಕನ್ನು ತೆರೆದರು. ಅವರಲ್ಲಿ ಅನೇಕರಿಗೆ ಸಹಿ ಹಾಕಲು ಬರುತ್ತಿರಲಿಲ್ಲ.

1981ರಲ್ಲಿ ಗುಜರಾತಿನಲ್ಲಿ ಮೀಸಲಾತಿಯ ವಿರುದ್ಧ ಚಳವಳಿ ನಡೆದು ದಲಿತರ ಮೇಲೆ ಹಿಂಸಾಚಾರಗಳಾದವು. ಇಳಾ ಭಟ್ ಅವರು ದಲಿತರ ಪರವಾಗಿ ಬಹಿರಂಗವಾಗಿ ಮಾತನಾಡಿದರು. ಭಿನ್ನಾಭಿಪ್ರಾಯ ಬೆಳೆದು ಮಜೂರ್ ಮಹಾಜನವು 'ಸೇವಾ' ಸಂಘವನ್ನು ತನ್ನಿಂದ ಹೊರಗಿಟ್ಟಿತು. ತಾಯಿಸಂಸ್ಥೆಯ ಆಶ್ರಯ ಹೋಯಿತು. ಆದರೆ ಸದಸ್ಯರ ವಂತಿಗೆ, ಸದಸ್ಯರ ಠೇವಣಿ, ಸದಸ್ಯರ ಬ್ಯಾಂಕು ಉಳಿದುಕೊಂಡವು. ಸಂಘವು ಕುಸಿಯಲಿಲ್ಲ, ಮುಂದಿನ ದಶಕಗಳಲ್ಲಿ ಹಲವು ರಾಜ್ಯಗಳಿಗೆ ಹರಡಿತು. ಇಳಾ ಭಟ್ ಅವರು 2022ರ ನವೆಂಬರ್‌ನಲ್ಲಿ ನಿಧನರಾದರು. 1915ರಲ್ಲಿ ಆಶ್ರಮವನ್ನು ಉಳಿಸಿದ್ದು ಒಬ್ಬ ಸೇಠರ 13,000 ರೂಪಾಯಿ. 1981ರಲ್ಲಿ ಸಂಘವನ್ನು ಉಳಿಸಿದ್ದು ಸಾವಿರಾರು ಹೆಂಗಸರ ಹತ್ತು ಹತ್ತು ರೂಪಾಯಿ.

ಇಂತಹ ಅನುಭವ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದ ಮಾಂಟ್ಗೊಮೆರಿ ನಗರದಲ್ಲಿ 1955-56ರಲ್ಲಿ ಕರಿಯ ಜನರು ಬಸ್ಸುಗಳಲ್ಲಿನ ವರ್ಣಭೇದವನ್ನು ಪ್ರತಿಭಟಿಸಿ 381 ದಿನ ಬಸ್ಸು ಹತ್ತಲಿಲ್ಲ. ಕೆಲಸಕ್ಕೆ ಹೋಗಿಬರಲು ಕಾರುಗಳ ವ್ಯವಸ್ಥೆ ಮಾಡಬೇಕಾಯಿತು. ಅದರ ಖರ್ಚಿಗೆ ಹೊರಗಿನ ದಾನದೊಂದಿಗೆ ಚರ್ಚುಗಳ ಸಭೆಗಳಲ್ಲಿ ಕೂಡಿಸಿದ ಚಿಲ್ಲರೆ ಹಣವೂ ನೆರವಾಯಿತು. ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯ ಹೆಣ್ಣುಮಗಳು ಇತರ ಹೆಂಗಸರನ್ನು ಕೂಡಿಕೊಂಡು ಊಟ, ತಿಂಡಿ ಮಾರಿ ಹಣ ಒದಗಿಸಿದಳು. ಕೊಟ್ಟವರ ಹೆಸರು ಹೊರಬಿದ್ದರೆ ಅವರ ಕೆಲಸ ಹೋಗುವ ಭಯವಿದ್ದುದರಿಂದ ಈ ಹಣ 'ಎಲ್ಲಿಂದಲೂ ಬಂದದ್ದಲ್ಲ' ಎಂದೇ ಹೇಳಲಾಗುತ್ತಿತ್ತು.

ಇಂದು ದೊರೆಯುವ ಧನಸಹಾಯದ ಮೂಲಗಳು

ಸದಸ್ಯರ ವಂತಿಗೆಯೊಂದರಿಂದಲೇ ಎಲ್ಲ ಕಾರ್ಯವೂ ನಡೆಯದು. ಹೊರಗಿನ ಧನಸಹಾಯಕ್ಕೆ ಇಂದು ಮುಖ್ಯವಾಗಿ ನಾಲ್ಕು ಮೂಲಗಳಿವೆ.

ಮೊದಲನೆಯದು ಸರ್ಕಾರದ ಸಹಾಯಾನುದಾನ. ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯವು ಪರಿಶಿಷ್ಟ ಜಾತಿಗಳ ಮಕ್ಕಳಿಗಾಗಿ ಶಾಲೆ, ವಸತಿಶಾಲೆ, ಹಾಸ್ಟೆಲು ನಡೆಸುವ ಸ್ವಯಂಸೇವಾ ಸಂಸ್ಥೆಗಳಿಗೆ 'ಶ್ರೇಷ್ಠ' ಯೋಜನೆಯ ಒಂದು ಭಾಗವಾಗಿ ಅನುದಾನದ ಏರ್ಪಾಡು ಮಾಡಿದೆ. ಬುಡಕಟ್ಟು ವ್ಯವಹಾರಗಳ ಸಚಿವಾಲಯವು ಪರಿಶಿಷ್ಟ ಪಂಗಡಗಳ ನಡುವೆ ಕೆಲಸ ಮಾಡುವ ಸಂಸ್ಥೆಗಳಿಗೆ ಪ್ರತ್ಯೇಕ ಯೋಜನೆಯನ್ನು ಹೊಂದಿದೆ. ಲಿಂಗಪರಿವರ್ತಿತ ವ್ಯಕ್ತಿಗಳ ಆಶ್ರಯಕ್ಕಾಗಿ ರೂಪಿಸಿದ 'ಗರಿಮಾ ಗೃಹ' ಯೋಜನೆಯು ಈ ನಗರಗಳಿಗೆ ಹತ್ತಿರದ ಉದಾಹರಣೆ. ಮನೆಯಿಂದ ಹೊರದೂಡಲ್ಪಟ್ಟ ಕನಿಷ್ಠ 25 ಮಂದಿಗೆ ವಸತಿ, ಊಟ, ವೈದ್ಯಕೀಯ ನೆರವು ಮತ್ತು ಕಸುಬಿನ ತರಬೇತಿ ಒದಗಿಸುವುದು ಇದರ ಉದ್ದೇಶ. 2020ರ ನವೆಂಬರ್ 25ರಂದು ವಡೋದರಾದಲ್ಲಿ ಗರಿಮಾ ಗೃಹವೊಂದು ಉದ್ಘಾಟನೆಯಾಯಿತು. ಉದ್ಘಾಟಿಸಿದವರು ಅಂದಿನ ಕೇಂದ್ರ ಸಚಿವರಾಗಿದ್ದು, 2021ರಲ್ಲಿ ಕರ್ನಾಟಕದ ರಾಜ್ಯಪಾಲರಾದ ಥಾವರ್‌ಚಂದ್ ಗೆಹ್ಲೋಟ್ ಅವರು. ಗೃಹವನ್ನು ನಡೆಸುವ ಹೊಣೆಯನ್ನು ಆ ಸಮುದಾಯದವರದೇ ಆದ ಲಕ್ಷ್ಯ ಟ್ರಸ್ಟಿಗೆ ವಹಿಸಲಾಯಿತು. ಬಾಧಿತರೇ ಕಟ್ಟಿದ ಸಂಸ್ಥೆಯ ಕೈಗೆ ಸರ್ಕಾರದ ಹಣ ಬಂದಿತೆಂಬುದು ಇಲ್ಲಿನ ವಿಶೇಷ.

ಸರ್ಕಾರದ ಹಣಕ್ಕೆ 2017ರ ಸಾಮಾನ್ಯ ಹಣಕಾಸು ನಿಯಮಗಳು ಅನ್ವಯಿಸುತ್ತವೆ. ಹಣವನ್ನು ಮಂಜೂರಾದ ಉದ್ದೇಶಕ್ಕೇ ಬಳಸಬೇಕು. ಹಣ ಬಳಕೆಯ ಪ್ರಮಾಣಪತ್ರವನ್ನು ಆರ್ಥಿಕ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಸಲ್ಲಿಸಬೇಕು. ಬ್ಯಾಂಕಿನಲ್ಲಿಟ್ಟ ಅನುದಾನಕ್ಕೆ ಬಂದ ಬಡ್ಡಿಯನ್ನೂ ಸರ್ಕಾರಕ್ಕೆ ಹಿಂದಿರುಗಿಸಬೇಕು. ಹಣವು ಕಂತುಗಳಲ್ಲಿ ಬರುವುದರಿಂದ, ಕಂತು ತಡವಾದರೂ ವಸತಿಗೃಹದ ಒಲೆ ಆರದಂತೆ ನೋಡಿಕೊಳ್ಳಲು ಸಂಸ್ಥೆಯು ಕೆಲವು ತಿಂಗಳ ಖರ್ಚನ್ನಾದರೂ ಕೈಯಲ್ಲಿ ಇಟ್ಟುಕೊಂಡಿರಬೇಕು.

ಎರಡನೆಯದು ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ ನಿಧಿ. 2013ರ ಕಂಪನಿಗಳ ಕಾಯಿದೆಯ 135ನೆಯ ಕಲಮು, ನಿಗದಿತ ಗಾತ್ರವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದ ಶೇಕಡ 2ರಷ್ಟನ್ನು ಸಾಮಾಜಿಕ ಕಾರ್ಯಕ್ಕೆ ವಿನಿಯೋಗಿಸಬೇಕೆಂದು ವಿಧಿಸಿತು. ಕಾಯಿದೆಯ ಏಳನೆಯ ಅನುಸೂಚಿಯಲ್ಲಿ, ಸಾಮಾಜಿಕವಾಗಿ ಹಾಗೂ ಆರ್ಥಿಕವಾಗಿ ಹಿಂದುಳಿದ ಗುಂಪುಗಳು ಎದುರಿಸುವ ಅಸಮಾನತೆಯನ್ನು ಕಡಿಮೆ ಮಾಡುವ ಕಾರ್ಯವೂ ಸ್ಪಷ್ಟವಾಗಿ ಸೇರಿದೆ. ಆದುದರಿಂದ ನ್ಯಾಯದ ಕಾರ್ಯಕ್ಕೆ ಕಂಪನಿಯ ಹಣ ಕೇಳುವುದಕ್ಕೆ ಕಾನೂನಿನ ಆಧಾರವಿದೆ. ಇಂತಹ ಹಣ ಪಡೆಯುವ ಸಂಸ್ಥೆಗಳು ಕಂಪನಿ ವ್ಯವಹಾರಗಳ ಸಚಿವಾಲಯದಲ್ಲಿ ಸಿಎಸ್ಆರ್-1 ನಮೂನೆಯನ್ನು ಸಲ್ಲಿಸಿ ಸಂಖ್ಯೆ ಪಡೆಯಬೇಕೆಂಬ ನಿಯಮ 2021ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ವ್ಯವಹಾರದಲ್ಲಿ ಕಂಪನಿಗಳು ಶಾಲಾ ಕಟ್ಟಡ, ಆರೋಗ್ಯ ಶಿಬಿರಗಳಂತಹ ಕಣ್ಣಿಗೆ ಕಾಣುವ ಕೆಲಸಗಳತ್ತ ಒಲವು ತೋರುವುದುಂಟು.

ಮೂರನೆಯದು ವಿದೇಶಿ ವಂತಿಗೆ. ಇದಕ್ಕೆ 2010ರ ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಕೇಂದ್ರ ಗೃಹ ಸಚಿವಾಲಯದ ನೋಂದಣಿ ಅಥವಾ ಪೂರ್ವಾನುಮತಿ ಕಡ್ಡಾಯ. 2020ರ ತಿದ್ದುಪಡಿಯು ಈ ಹಣವು ಮೊದಲು ಭಾರತೀಯ ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೇ ಬರಬೇಕೆಂದು ವಿಧಿಸಿತು. ಆಡಳಿತ ವೆಚ್ಚದ ಮಿತಿಯನ್ನು ಶೇಕಡ 50ರಿಂದ 20ಕ್ಕೆ ಇಳಿಸಿತು. ಒಂದು ಸಂಸ್ಥೆಯು ಪಡೆದ ಹಣವನ್ನು ಮತ್ತೊಂದಕ್ಕೆ ವರ್ಗಾಯಿಸುವುದನ್ನು ನಿಷೇಧಿಸಿತು. ದೊಡ್ಡ ಸಂಸ್ಥೆಗಳ ಮೂಲಕ ಹಣ ಪಡೆಯುತ್ತಿದ್ದ ಹಳ್ಳಿಗಳ ಚಿಕ್ಕ ಸಂಘಗಳಿಗೆ ಈ ಕೊನೆಯ ನಿಯಮದಿಂದ ದಾರಿ ಮುಚ್ಚಿದಂತಾಯಿತು.

ಒಂದೇ ಮೂಲವನ್ನು ನೆಚ್ಚಿದರೆ ಆಗುವುದೇನೆಂಬುದಕ್ಕೆ ಅಹಮದಾಬಾದಿನಲ್ಲಿಯೇ ನಿದರ್ಶನವಿದೆ. 1989ರಲ್ಲಿ ಮಾರ್ಟಿನ್ ಮ್ಯಾಕ್ವಾನ್ ಅವರು ಸ್ಥಾಪಿಸಿದ ನವಸರ್ಜನ ಟ್ರಸ್ಟ್ ಮಲ ಹೊರುವ ಪದ್ಧತಿಯ ವಿರುದ್ಧ ಹೋರಾಡಿತು. ಗುಜರಾತಿನ 1,589 ಗ್ರಾಮಗಳಲ್ಲಿ ಅಸ್ಪೃಶ್ಯತೆಯ ಆಚರಣೆಯನ್ನು ಅಧ್ಯಯನ ಮಾಡಿ 2010ರಲ್ಲಿ ವರದಿ ಪ್ರಕಟಿಸಿತು. 2016ರ ಡಿಸೆಂಬರ್‌ನಲ್ಲಿ ಗೃಹ ಸಚಿವಾಲಯವು ಅದರ ವಿದೇಶಿ ವಂತಿಗೆಯ ನೋಂದಣಿಯನ್ನು ರದ್ದುಗೊಳಿಸಿದಾಗ ಸಂಸ್ಥೆಯು ತನ್ನ ಸಿಬ್ಬಂದಿಯಲ್ಲಿ ಹೆಚ್ಚಿನವರನ್ನು ಬಿಡುಗಡೆ ಮಾಡಬೇಕಾಯಿತು.

ನಾಲ್ಕನೆಯದು ದೇಶದೊಳಗಿನ ಸಾರ್ವಜನಿಕರ ಹಾಗೂ ದತ್ತಿನಿಧಿಗಳ ಕೊಡುಗೆ. ಇದಕ್ಕೆ ಇತ್ತೀಚೆಗೆ ಸಾಮಾಜಿಕ ಷೇರುಪೇಟೆ ಎಂಬ ಹೊಸ ಮಾರ್ಗ ಸೇರಿದೆ. 2022ರಲ್ಲಿ ಸೆಬಿ ಇದಕ್ಕೆ ನಿಯಮಗಳನ್ನು ರೂಪಿಸಿತು. ಇಲ್ಲಿ ಪತ್ರ ಕೊಂಡವರಿಗೆ ಬಡ್ಡಿಯೂ ಇಲ್ಲ, ಅಸಲೂ ಹಿಂದಿರುಗುವುದಿಲ್ಲ. ಹಣದಿಂದ ನಡೆದ ಕಾರ್ಯದ ವರದಿಯೇ ಅವರಿಗೆ ದೊರೆಯುವ ಪ್ರತಿಫಲ. 2023ರ ಡಿಸೆಂಬರ್‌ನಲ್ಲಿ ಈ ಮಾರ್ಗದಿಂದ ಹಣ ಸಂಗ್ರಹಿಸಿದ ಮೊದಲ ಸಂಸ್ಥೆ ಬೆಂಗಳೂರಿನ ಉನ್ನತಿ ಫೌಂಡೇಶನ್.

ಪಟ್ಟಿಯ ಒಳಗೆ, ಪಟ್ಟಿಯ ಹೊರಗೆ

ಸರ್ಕಾರದ ಅನುದಾನವು ಪಟ್ಟಿಗಳನ್ನು ಅವಲಂಬಿಸಿದೆ. ಸಿದ್ದಿ ಜನಾಂಗದ ಸ್ಥಿತಿಯಿಂದ ಇದು ಚೆನ್ನಾಗಿ ಅರ್ಥವಾಗುತ್ತದೆ. ಆಫ್ರಿಕಾ ಮೂಲದ ಸಿದ್ದಿಗಳು ಶತಮಾನಗಳಿಂದ ಗುಜರಾತಿನಲ್ಲಿ ನೆಲೆಸಿದ್ದಾರೆ. ಅಹಮದಾಬಾದಿನ ಪ್ರಸಿದ್ಧ ಜಾಲಂಧ್ರವುಳ್ಳ ಸಿದಿ ಸೈಯದ್ ಮಸೀದಿಯು 1573ರ ಸುಮಾರಿಗೆ ನಿರ್ಮಾಣವಾದದ್ದು. ಕಟ್ಟಿಸಿದವರು ಅದೇ ಮೂಲದವರು. ವಡೋದರಾ ಮತ್ತು ಸೂರತ್ ನಡುವಣ ಭರೂಚ್ ಜಿಲ್ಲೆಯ ರತನ್‌ಪುರದಲ್ಲಿಯೂ ಸಿದ್ದಿಗಳಿದ್ದಾರೆ. ಆದರೆ ಗುಜರಾತಿನಲ್ಲಿ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಮಾನ್ಯತೆ ದೊರೆತದ್ದು ಸೌರಾಷ್ಟ್ರದ ಜಿಲ್ಲೆಗಳಲ್ಲಿ. ಒಂದೇ ಜನಾಂಗ, ಒಂದೇ ಬಗೆಯ ಅವಹೇಳನ. ಜಿಲ್ಲೆ ಬದಲಾದರೆ ಅರ್ಹತೆ ಬದಲಾಗುತ್ತದೆ.

ಕರ್ನಾಟಕದಲ್ಲಿಯೂ ಹೀಗೆಯೇ ಆಯಿತು. ಯಲ್ಲಾಪುರ, ಹಳಿಯಾಳ, ಅಂಕೋಲಾ ತಾಲೂಕುಗಳ ಸಿದ್ದಿಗಳು 2003ರಲ್ಲಿ ಪಟ್ಟಿಗೆ ಸೇರಿದರು. ಆ ಮಾನ್ಯತೆ ಉತ್ತರ ಕನ್ನಡ ಜಿಲ್ಲೆಗೆ ಸೀಮಿತವಾಗಿತ್ತು. ಗಡಿಯಾಚೆ ಬೆಳಗಾವಿ, ಧಾರವಾಡ ಜಿಲ್ಲೆಗಳಲ್ಲಿದ್ದ ಅವರ ಬಂಧುಗಳು 2020ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಪಟ್ಟಿಯ ಹೊರಗಿರುವವರ ನಡುವೆ ಕೆಲಸ ಮಾಡುವ ಸಂಸ್ಥೆಗಳಿಗೆ ಸರ್ಕಾರೇತರ ಮೂಲಗಳ ಹಣ ಅತ್ಯಗತ್ಯವಾಗುವುದು ಇಂತಹ ಕಡೆಗಳಲ್ಲಿಯೇ. ಸೌರಾಷ್ಟ್ರದ ಜಾಂಬೂರಿನ ಸಿದ್ದಿ ಮಹಿಳೆ ಹೀರಾಬಾಯಿ ಲೋಬಿ ಅವರು, ಅಹಮದಾಬಾದಿನಲ್ಲಿ ಕೇಂದ್ರ ಕಚೇರಿಯುಳ್ಳ ಆಗಾ ಖಾನ್ ಗ್ರಾಮೀಣ ನೆರವು ಕಾರ್ಯಕ್ರಮದ ಬೆಂಬಲದಿಂದ ಹೆಂಗಸರ ಸಂಘ ಕಟ್ಟಿ ಉಳಿತಾಯ, ಸಾವಯವ ಗೊಬ್ಬರ, ಮಕ್ಕಳ ಶಿಕ್ಷಣಗಳಿಗೆ ದಾರಿ ಮಾಡಿದರು. ಅವರಿಗೆ 2023ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಸೂರತ್: ಅರಿವಿಗೂ ಹಣ ಬೇಕು

ಸೂರತ್ತಿನ ಅನುಭವ ಬೇರೊಂದು ಬಗೆಯದು. ಸಮಾಜಶಾಸ್ತ್ರಜ್ಞ ಐ. ಪಿ. ದೇಸಾಯಿ ಅವರು 1969ರಲ್ಲಿ ಇಲ್ಲಿ ಸ್ಥಾಪಿಸಿದ ಸಂಸ್ಥೆಯು ಇಂದು ಸಾಮಾಜಿಕ ಅಧ್ಯಯನ ಕೇಂದ್ರವೆಂದು ಹೆಸರಾಗಿದೆ. ಇದು ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯ ನೆರವು ಪಡೆಯುವ ಸಂಸ್ಥೆ. ಗುಜರಾತಿನ ಹಳ್ಳಿಗಳ ಅಸ್ಪೃಶ್ಯತೆಯನ್ನು ಕುರಿತ ದೇಸಾಯಿಯವರ ಗ್ರಂಥ 1976ರಲ್ಲಿ ಪ್ರಕಟವಾಯಿತು. ಶಾಲೆ, ಅಂಚೆಗಳಂತಹ ಸರ್ಕಾರಿ ವ್ಯವಹಾರಗಳಲ್ಲಿ ಮುಟ್ಟುಚಟ್ಟು ಕಡಿಮೆಯಾಗುತ್ತಿದ್ದರೂ ನೀರಿನ ನೆಲೆ, ದೇವಸ್ಥಾನ, ಮನೆಯ ಹೊಸ್ತಿಲುಗಳಲ್ಲಿ ಅದು ಬಲವಾಗಿಯೇ ಉಳಿದಿತ್ತೆಂಬುದನ್ನು ಅದು ತೋರಿಸಿತು. ಇಂತಹ ಸಂಶೋಧನೆಯಿಂದ ಯಾರ ಹೊಟ್ಟೆಯೂ ತಕ್ಷಣ ತುಂಬದು. ಆದರೆ ಯಾವ ಬಾವಿಯ ಬಳಿ ಕೆಲಸ ಆರಂಭಿಸಬೇಕೆಂಬುದು ಅದರಿಂದಲೇ ತಿಳಿಯುತ್ತದೆ.

ಸೂರತ್ತಿನ ಪವರ್‌ಲೂಮ್‌ಗಳಲ್ಲಿ ಒಡಿಶಾದ ಗಂಜಾಂ ಜಿಲ್ಲೆಯಿಂದ ಬಂದ ಅಸಂಖ್ಯ ವಲಸೆ ಕಾರ್ಮಿಕರು ದುಡಿಯುತ್ತಾರೆ. ಅವರ ಮತ ಊರಿನಲ್ಲಿ, ದುಡಿಮೆ ಸೂರತ್ತಿನಲ್ಲಿ. ಕೆಲಸದ ಕರಾರುಪತ್ರವಾಗಲಿ ಸ್ಥಳೀಯ ವಿಳಾಸದ ದಾಖಲೆಯಾಗಲಿ ಇಲ್ಲದ ಕಾರಣ ಫಲಾನುಭವಿಗಳ ಪಟ್ಟಿಯಲ್ಲಿ ಹೆಸರು ಸೇರಿಸುವುದೂ ಸುಲಭವಲ್ಲ. ಅವರ ಕೂಲಿ, ಸುರಕ್ಷತೆ, ವಸತಿಯ ಪ್ರಶ್ನೆಗಳನ್ನೆತ್ತುವ ಸಂಸ್ಥೆಗೆ ಸ್ಥಳೀಯ ದಾನಿಗಳು ದೊರೆಯುವುದು ಕಷ್ಟ. ಏಕೆಂದರೆ ದಾನ ಕೊಡಬಲ್ಲವರೂ ಕೂಲಿ ಕೊಡಬೇಕಾದವರೂ ಅನೇಕ ವೇಳೆ ಒಂದೇ ಪೇಟೆಯವರು. 1918ರ ಅಹಮದಾಬಾದಿನ ಪ್ರಶ್ನೆ ಇಲ್ಲಿ ಮತ್ತೆ ಎದುರಾಗುತ್ತದೆ.

ಅರ್ಜಿ ಸಲ್ಲಿಸುವ ಮುನ್ನ

ಧನಸಹಾಯ ಬಯಸುವ ಸಂಸ್ಥೆಗಳು ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಒಳ್ಳೆಯದು.

1. ಸಂಸ್ಥೆಯು ಟ್ರಸ್ಟ್, 1860ರ ಕಾಯಿದೆಯ ಸಂಘ ಅಥವಾ ಕಂಪನಿಗಳ ಕಾಯಿದೆಯ 8ನೆಯ ಕಲಮಿನ ಕಂಪನಿಯಾಗಿ ನೋಂದಣಿಯಾಗಿರಬೇಕು. ಗುಜರಾತಿನಲ್ಲಿ ಸಾರ್ವಜನಿಕ ಟ್ರಸ್ಟ್‌ಗಳ ನೋಂದಣಿ, ಮೇಲ್ವಿಚಾರಣೆ ಧರ್ಮಾದಾಯ ಆಯುಕ್ತರದು.

2. ಆದಾಯ ತೆರಿಗೆ ಇಲಾಖೆಯ ನೋಂದಣಿ ಹಾಗೂ ದಾನಿಗೆ ತೆರಿಗೆ ರಿಯಾಯಿತಿ ಕೊಡಿಸುವ ಅನುಮೋದನೆ ಇರಬೇಕು. 1961ರ ಕಾಯಿದೆಯಲ್ಲಿ ಇವು 12ಎ ಮತ್ತು 80ಜಿ ಎಂದು ಪರಿಚಿತವಾಗಿದ್ದವು. 2025ರ ಹೊಸ ಆದಾಯ ತೆರಿಗೆ ಕಾಯಿದೆಯು 2026ರ ಏಪ್ರಿಲ್ 1ರಿಂದ ಅನ್ವಯವಾಗುವಂತೆ ರೂಪಿತವಾಗಿದ್ದು, ಅದರಲ್ಲಿ ಕಲಮುಗಳ ಸಂಖ್ಯೆ ಬೇರೆ. ಅವಧಿ ಮುಗಿಯುವ ಮುನ್ನ ನವೀಕರಿಸಿಕೊಳ್ಳಬೇಕು.

3. ಸರ್ಕಾರದ ಅನುದಾನಕ್ಕೆ ನೀತಿ ಆಯೋಗದ 'ದರ್ಪಣ' ಜಾಲದಲ್ಲಿ ನೋಂದಾಯಿಸಿ ಸಂಖ್ಯೆ ಪಡೆದಿರಬೇಕು.

4. ಮೂರು ವರ್ಷಗಳ ಲೆಕ್ಕಪರಿಶೋಧಿತ ಆಯವ್ಯಯ ಪಟ್ಟಿ, ವಾರ್ಷಿಕ ವರದಿ, ಆಡಳಿತ ಮಂಡಳಿಯ ನಡಾವಳಿ ಪುಸ್ತಕಗಳನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ವಿದೇಶಿ ವಂತಿಗೆಯ ಲೆಕ್ಕವನ್ನು ಇತರ ಹಣದೊಡನೆ ಬೆರೆಸಬಾರದು.

5. ಅರ್ಜಿಯಲ್ಲಿ ಸಮಸ್ಯೆಯನ್ನು ಸ್ಥಳ, ಸಂಖ್ಯೆ ಸಹಿತ ವಿವರಿಸಬೇಕು. 'ದಲಿತರ ಏಳಿಗೆ' ಎಂದು ಬರೆಯುವುದಕ್ಕಿಂತ, ಇಂತಹ ಬಡಾವಣೆಯ ಇಷ್ಟು ಮನೆಗಳಿಗೆ ನೀರಿನ ಸಂಪರ್ಕವಿಲ್ಲ, ಇಷ್ಟು ಅರ್ಜಿಗಳು ಬಾಕಿಯಿವೆ ಎಂದು ಬರೆಯುವುದು ಮೇಲು.

6. ಯಾರಿಗಾಗಿ ಕೆಲಸ ನಡೆಯುವುದೋ ಅವರು ಆಡಳಿತ ಮಂಡಳಿಯಲ್ಲಿ ಇದ್ದಾರೆಯೇ ಎಂಬುದನ್ನು ನೋಡಿಕೊಳ್ಳಬೇಕು.

7. ಯಾವುದೇ ಒಂದು ಮೂಲ ನಿಂತರೂ ಕಾರ್ಯದ ತಿರುಳು ಉಳಿಯುವಂತೆ, ಎಷ್ಟೇ ಚಿಕ್ಕದಾಗಲಿ, ಸದಸ್ಯರ ವಂತಿಗೆಯನ್ನು ತಪ್ಪದೆ ಸಂಗ್ರಹಿಸಬೇಕು.

ಕೊನೆಯ ಅಂಶವನ್ನು ಹಲವರು ಅಲಕ್ಷಿಸುತ್ತಾರೆ. ಬಡವರಿಂದ ಹಣ ಕೇಳುವುದು ಸರಿಯೇ ಎಂಬ ಸಂಕೋಚವೂ ಇದಕ್ಕೆ ಕಾರಣ. ಆದರೆ ವಂತಿಗೆ ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕು ಬರುತ್ತದೆ. ದೊಡ್ಡ ದಾನಿಗೆ ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವ ಸಂಸ್ಥೆಯು ತನ್ನ ಸದಸ್ಯರಿಗೆ ತಿಂಗಳು ತಿಂಗಳೂ ಒಪ್ಪಿಸಬೇಕಾಗುತ್ತದೆ. ಆ ಅಭ್ಯಾಸದಿಂದ ಲೆಕ್ಕವೂ ಶುದ್ಧವಾಗಿರುತ್ತದೆ, ಮಾತೂ ನೇರವಾಗಿರುತ್ತದೆ.

ಸರ್ಕಾರದ ಅನುದಾನ, ಕಂಪನಿಯ ನಿಧಿ, ಹೊರದೇಶದ ನೆರವು, ಸಾರ್ವಜನಿಕರ ಕೊಡುಗೆ ಇವು ನಾಲ್ಕೂ ಬೇಕಾದವುಗಳೇ, ಯಾವುದನ್ನೂ ಹೀಗಳೆಯಬೇಕಾದುದಿಲ್ಲ. ಕೊಚರಬ್ ಆಶ್ರಮವೂ ಸೇಠರ ಹಣವನ್ನು ಸ್ವೀಕರಿಸಿತು. ಆದರೆ ಆ ಹಣ ಬರುವ ಮುನ್ನವೇ, ಬಾರದಿದ್ದರೆ ಕೇರಿಗೆ ಹೋಗಿ ನೆಲೆಸುವುದೆಂದು ಅಲ್ಲಿ ತೀರ್ಮಾನವಾಗಿತ್ತು. ದೂದಾಭಾಯಿಯವರ ಕುಟುಂಬವನ್ನು ಹೊರಗೆ ಕಳುಹಿಸುವ ಮಾತು ಬರಲಿಲ್ಲ. ನೆರವು ಕೇಳಹೊರಟ ಪ್ರತಿಯೊಂದು ಸಂಸ್ಥೆಯೂ ಅರ್ಜಿಗೆ ಸಹಿ ಹಾಕುವ ಮೊದಲು ಇಂತಹದೊಂದು ತೀರ್ಮಾನವನ್ನು ತನ್ನ ನಡಾವಳಿ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು ಯೋಗ್ಯ.